ಡಿಸ್ಚಾರ್ಜ್ ಬುಕ್ಕಿನಿಂದ ಮೆಡಲ್ ಮಾಯವಾದರೆ

2019ರ ಆಗಸ್ಟ್ ಮಳೆಗೆ ನಮ್ಮ ಮನೆ ಹಿಂದಿನ ಧರೆ ಕುಸಿಯಿತು. ಕೆಸರು ನೀರು ಒಳಗೆ ನುಗ್ಗಿ, ಬೀರುವಿನ ಕೆಳಗಿನ ಅರೆಯಲ್ಲಿದ್ದ ನನ್ನ ಡಿಸ್ಚಾರ್ಜ್ ಬುಕ್, ಅಂದರೆ ಸೇನೆಯಿಂದ ನಿವೃತ್ತಿಯಾದಾಗ ಸೇವೆ, ಮೆಡಲ್ ಎಲ್ಲ ಬರೆದು ಕೊಡುವ ಪುಸ್ತಕ, ಗಂಜಿಯಾಯಿತು. ಬದಲಿ ಪುಸ್ತಕಕ್ಕೆ ಅರ್ಜಿ ಹಾಕಿದೆ. ಬಂತು. ಆದರೆ ಐದು ಮೆಡಲ್ ಇರಬೇಕಾದ ಜಾಗದಲ್ಲಿ ನಾಲ್ಕೇ ಇದ್ದವು. ಉಚ್ಚ ತುಂಗತಾ ಮೆಡಲ್, ಅಂದರೆ ಎತ್ತರದ ಪ್ರದೇಶದಲ್ಲಿ ಕೆಲಸ ಮಾಡಿದ್ದಕ್ಕೆ ಕೊಡುವುದು, ಅದೇ ಇಲ್ಲ.

ಹೆಂಡತಿ ಕೇಳಿದಳು, "ಪೆನ್ಶನ್ ಕಮ್ಮಿಯಾಯ್ತಾ?"

"ಇಲ್ಲ."

"ಹಾಗಾದ್ರೆ ಬಿಡಿ ಮಾರಾಯ್ರೆ, ತೋಟದ ಬೇಲಿ ನೋಡಿ."

ಬಿಡಲಿಲ್ಲ. ಎರಡು ವರ್ಷ ಹಿಡಿಯಿತು. ಆಮೇಲೆ ಹೊಸನಗರ, ಸಾಗರ ಕಡೆಯ ಮೂವರು ಇದೇ ತಾಪತ್ರಯ ಹಿಡಿದುಕೊಂಡು ಮನೆಗೆ ಬಂದರು. ಎಲ್ಲರಿಗೂ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾನು ಮಾಡಿದ ತಪ್ಪು. ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಎರಡು ಪುಟದ ಕಾಗದ ಬರೆದೆ. ಮಂಜಿನಲ್ಲಿ ಗಾಡಿ ಓಡಿಸಿದ್ದು, ಬೆರಳು ಮರಗಟ್ಟಿದ್ದು, ಅಪ್ಪ ತೀರಿಕೊಂಡಾಗ ಊರಿಗೆ ಬರಲಾಗದ್ದು, ಎಲ್ಲ ಬರೆದೆ. ಒಂದೇ ಸಾಲಿನ ಉತ್ತರ ಬಂತು: ದಾಖಲೆ ಪ್ರಕಾರ ಅರ್ಹತೆ ಇಲ್ಲ. ಅಲ್ಲಿ ಕೂತ ಕ್ಲರ್ಕಿಗೆ ನಮ್ಮ ಕಷ್ಟ ಗೊತ್ತಿಲ್ಲ ಅಂತಲ್ಲ. ಅವನಿಗೆ ಬೇಕಾದದ್ದು ಪಾರ್ಟ್ ಟು ಆರ್ಡರ್ ನಂಬರು. ಫೌಜಿನಲ್ಲಿ ನಮ್ಮ ಪೋಸ್ಟಿಂಗು, ರಜೆ, ಮದುವೆ, ಮಕ್ಕಳು, ಮೆಡಲು ಎಲ್ಲ ದಾಖಲಾಗುವುದು ಪಾರ್ಟ್ ಟು ಆರ್ಡರಿನಲ್ಲಿ. ತೆಗೆಯುವುದೂ ಅದರಲ್ಲೇ. ಹಾಗಾಗಿ ಮೊದಲು ಹುಡುಕಬೇಕಾದದ್ದು ಮೆಡಲ್ ತೆಗೆದು ಹಾಕಿದ ಆರ್ಡರನ್ನು.

ಅದಕ್ಕೂ ಮುಂಚೆ ನಿಮ್ಮದು ಯಾವ ಮೆಡಲ್ ಅಂತ ನೋಡಿಕೊಳ್ಳಿ. ಸೇನಾ ಮೆಡಲ್, ವೀರ ಚಕ್ರದಂಥ ಶೌರ್ಯದ ಪದಕವಾದರೆ ಅದು ಭಾರತದ ಗೆಜೆಟ್‌ನಲ್ಲಿ ಬಂದಿರುತ್ತದೆ. ರದ್ದು ಮಾಡುವ ಅಧಿಕಾರ ರಾಷ್ಟ್ರಪತಿಗಳದ್ದು. ಯಾವ ಆಫೀಸಿನ ಕ್ಲರ್ಕೂ ಅದನ್ನು ಗೀಚಿ ಹಾಕೋ ಹಾಗಿಲ್ಲ. ಗೆಜೆಟ್ ಪ್ರತಿ ಲಗತ್ತಿಸಿ ಅರ್ಜಿ ಹಾಕಿ, ಕೆಲಸ ಸಲೀಸು. ಗೋಳು ಇರುವುದು ನನ್ನಂಥವರ ಸೇವಾ ಮೆಡಲ್‌ಗಳದ್ದು. ಇಷ್ಟು ದಿನ, ಇಂಥ ಜಾಗದಲ್ಲಿ ಅಂತ ಲೆಕ್ಕ. ಲೆಕ್ಕ ತಪ್ಪಿದರೆ ಮೆಡಲ್ ಹೋಯಿತು.

ತೆಗೆದ ಆರ್ಡರ್ ಕೈಗೆ ಸಿಗಲು ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, ಆನ್‌ಲೈನೂ ಉಂಟು. ಬಿಎಸ್‌ಎಫ್, ಅಸ್ಸಾಂ ರೈಫಲ್ಸ್ ಆ ಕಾಯ್ದೆಯಿಂದ ಹೊರಗಿವೆ, ಸೇನೆ ಹೊರಗಿಲ್ಲ. ಕಾಯ್ದೆ ಪ್ರಕಾರ ಕನ್ನಡದಲ್ಲೂ ಬರೆಯಬಹುದು, ಆದರೆ ಸುಮ್ನೆ ತಡ ಯಾಕೆ ಅಂತ ನಾನು ಮಗಳ ಕೈಲಿ ಇಂಗ್ಲಿಷಿನಲ್ಲಿ ಬರೆಸಿದೆ. "ಯಾಕೆ ತೆಗೆದಿರಿ" ಅಂತ ಕೇಳಬೇಡಿ. ಕಾಗದ ಕೇಳಿ: ನನ್ನ ಶೀಟ್ ರೋಲ್ (ಸೇವೆಯ ಪೂರ್ತಿ ವಿವರದ ದಾಖಲೆ) ಪ್ರತಿ, ಮೆಡಲ್ ಕೊಟ್ಟ ಪಾರ್ಟ್ ಟು ಆರ್ಡರ್, ರದ್ದು ಮಾಡಿದ ಪಾರ್ಟ್ ಟು ಆರ್ಡರ್, ರದ್ದತಿಗೆ ಆಧಾರವಾದ ಪತ್ರ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಆಫೀಸಿನ ಮೇಲಧಿಕಾರಿಗೆ ಮೊದಲ ಮೇಲ್ಮನವಿ.

ನನಗೆ ಬಂದ ಕಾಗದ ನೋಡಿ ನಗು ಬಂತು. ಆ ಮೆಡಲ್‌ಗೆ 9,000 ಅಡಿಗಿಂತ ಎತ್ತರದಲ್ಲಿ ಒಟ್ಟು 180 ದಿನ ಇರಬೇಕು. ಅವರ ಲೆಕ್ಕದಲ್ಲಿ ನನ್ನದು 94. ನಾನು ಡ್ರೈವರ್. ನನ್ನ ಯೂನಿಟ್ ಇದ್ದದ್ದು ಕೆಳಗೆ ಬಯಲಿನಲ್ಲಿ. ಲೇಹ್ ಕಡೆಗೆ ಹೋಗುವ ಫೌಜಿನ ಗಾಡಿಗಳ ಸಾಲಿಗೆ, ಅಂದರೆ ಕಾನ್‌ವಾಯಿಗೆ, ನನ್ನನ್ನು ಮೂರು ಸಲ ತಾತ್ಕಾಲಿಕವಾಗಿ ಅಟ್ಯಾಚ್ ಮಾಡಿದ್ದರು: 71 ದಿನ, 94 ದಿನ, 46 ದಿನ. ನಡುವಿನದೊಂದೇ ದಾಖಲೆಯಲ್ಲಿತ್ತು. ಉಳಿದ ಎರಡರ ಆರ್ಡರ್ ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು. ಎಷ್ಟೋ ವರ್ಷದ ನಂತರ ಯಾರೋ ಕೂಡಿಸಿ ನೋಡಿ, ಕಮ್ಮಿ ಬಿತ್ತು ಅಂತ ಹೊಡೆದು ಹಾಕಿದ್ದರು. ಅಂದರೆ ನಾನು ಸಾಬೀತು ಮಾಡಬೇಕಾದದ್ದು ಮಂಜನ್ನಲ್ಲ, 117 ದಿನವನ್ನು.

ಅಮ್ಮನ ಟ್ರಂಕು ಇಳಿಸಿದೆ. ಅದು ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟದಲ್ಲಿತ್ತು. ಹೊಗೆ ತಿಂದು ತಿಂದು ಕಪ್ಪಾಗಿತ್ತು, ಆದರೆ ಒಳಗೆ ಒಂದು ಹುಳವಿಲ್ಲ, ಬೂಸ್ಟಿಲ್ಲ. ನಾನು ಬರೆದ ಇನ್‌ಲ್ಯಾಂಡ್ ಕಾಗದಗಳನ್ನೆಲ್ಲ ಅಮ್ಮ ಅಡಿಕೆ ಹಾಳೆಯ ನಾರಿನಲ್ಲಿ ಕಟ್ಟಿಟ್ಟಿದ್ದಳು. ವಿಳಾಸ ಕೇರಾಫ್ 56 ಎಪಿಒ, ಅಂದರೆ ಫೌಜಿನ ಅಂಚೆ ಕಚೇರಿ. ಫೌಜಿನ ಅಂಚೆ ಮುದ್ರೆಯಲ್ಲಿ ಊರಿನ ಹೆಸರು ಇರುವುದಿಲ್ಲ. ಫೀಲ್ಡ್ ಪೋಸ್ಟ್ ಆಫೀಸಿನ ನಂಬರು, ತಾರೀಕು ಅಷ್ಟೇ. ಬರೀ ಅದರಿಂದ ಎತ್ತರ ಸಾಬೀತಾಗಲ್ಲ. ಆದರೆ ನಂಬರು ಬದಲಾದ ತಾರೀಕು ನೋಡಿದರೆ ನಾನು ಮೇಲೆ ಹೋದದ್ದು ಯಾವಾಗ, ಇಳಿದದ್ದು ಯಾವಾಗ ಅಂತ ಗೊತ್ತಾಯಿತು.

ಗಟ್ಟಿ ಸಾಕ್ಷಿ ಸಿಕ್ಕಿದ್ದು ಟ್ರಂಕಿನ ತಳದಲ್ಲಿ, ಹಳೇ ಪೇ ಸ್ಲಿಪ್‌ಗಳಲ್ಲಿ. ಹೈ ಆಲ್ಟಿಟ್ಯೂಡ್ ಅಲೊವೆನ್ಸ್ ಅಂತ ತಿಂಗಳು ತಿಂಗಳು ಕೊಟ್ಟಿದ್ದಾರೆ! ಸರ್ಕಾರ ದುಡ್ಡು ಕೊಟ್ಟ ಮೇಲೆ, ನೀನು ಅಲ್ಲಿರಲಿಲ್ಲ ಅನ್ನೋದು ಹೇಗೆ? ನಿಮ್ಮ ಹತ್ತಿರ ಸ್ಲಿಪ್ ಇಲ್ಲದಿದ್ದರೆ ಪೇ ಅಕೌಂಟ್ಸ್ ಆಫೀಸಿಗೂ ಇನ್ನೊಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ಮೂವ್‌ಮೆಂಟ್ ಆರ್ಡರ್, ಜೊತೆಗಿದ್ದವರ ಅಫಿಡವಿಟ್ ಇದ್ದರೆ ಅದೂ ಇರಲಿ, ಆದರೆ ಪೇ ಸ್ಲಿಪ್ ಮುಂದೆ ಅವೆಲ್ಲ ಹಿಂದಿನ ಬೆಂಚು. ಮೆಡಲ್ ಮನೆಯಲ್ಲಿದ್ದರೆ ಅದರ ಅಂಚನ್ನೂ ನೋಡಿ. ಫೌಜು ಕೊಟ್ಟದ್ದಾದರೆ ಅಂಚಿನ ಸುತ್ತ ನಂಬರು, ರ‍್ಯಾಂಕು, ಹೆಸರು ಕೊರೆದಿರುತ್ತದೆ. ಬೇರೆ ಬೇರೆ ಕೋನದಿಂದ ಫೋಟೋ ತೆಗೆದು ಲಗತ್ತಿಸಿ. ಪೇಟೆಯಲ್ಲಿ ಕೊಂಡ ಡೂಪ್ಲಿಕೇಟ್ ಆದರೆ ಫೋಟೋ ಬೇಡ, ಪ್ರಯೋಜನ ಇಲ್ಲ.

ಎರಡನೇ ಅರ್ಜಿ ಒಂದೇ ಪುಟ. ಮೇಲೆ ನಂಬರು, ರ‍್ಯಾಂಕು, ಹೆಸರು. ಕೆಳಗೆ ಮೂರು ಸಾಲು, ಒಂದೊಂದರಲ್ಲಿ ಯಾವ ತಾರೀಕಿನಿಂದ ಯಾವ ತಾರೀಕು, ಎಷ್ಟು ದಿನ, ಸಾಕ್ಷಿ ಯಾವ ಲಗತ್ತು. ರಜೆಯ ದಿನಗಳನ್ನು ನಾನೇ ಮೊದಲೇ ಕಳೆದಿದ್ದೆ, ಅವರಿಗೆ ಕಳೆಯುವ ಕೆಲಸ ಇಡಬಾರದು. ಒಟ್ಟು 211. ಕೊನೆಗೆ ಎರಡೇ ಕೋರಿಕೆ: ಇಂಥ ನಂಬರಿನ ರದ್ದತಿ ಆರ್ಡರನ್ನು ವಾಪಸ್ ಪಡೆಯಿರಿ, ಡಿಸ್ಚಾರ್ಜ್ ಬುಕ್ ತಿದ್ದಿಕೊಡಿ. ಇದನ್ನು ಶಿವಮೊಗ್ಗದ ಸೈನಿಕ ಕಲ್ಯಾಣ ಕಚೇರಿಯ ಮುಖಾಂತರ ಕಳಿಸಿದೆ. ಒಂದು ಪ್ರತಿಯನ್ನು ನೇರವಾಗಿ ಸ್ಪೀಡ್ ಪೋಸ್ಟ್ ಮಾಡಿದೆ. ಆ ರಸೀದಿ ಜೋಪಾನ. ಮುಂದಿನ ದಾರಿಗೆ ದಿನ ಎಣಿಸುವುದು ಅದರಿಂದಲೇ.

ಮುಂದಿನ ದಾರಿ ಅಂದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಿಂದ ಬಂದದ್ದು. ಕರ್ನಾಟಕದವರಿಗೆ ಕೊಚ್ಚಿ ಪೀಠ. ಮೊದಲು ಅರ್ಜಿ ಹಾಕದೆ ನೇರ ಅಲ್ಲಿಗೆ ಹೋಗುವ ಹಾಗಿಲ್ಲ. ಆಗಲ್ಲ ಅಂತ ಕೊನೆಯ ಉತ್ತರ ಬಂದರೆ ಅಲ್ಲಿಂದ ಆರು ತಿಂಗಳೊಳಗೆ ಹೋಗಬೇಕು. ಆರು ತಿಂಗಳು ಉತ್ತರವೇ ಇಲ್ಲದಿದ್ದರೂ ಹೋಗಬಹುದು. ವಕೀಲರಿಲ್ಲದೆ ನಾವೇ ನಿಂತು ಹೇಳಿಕೊಳ್ಳಲೂ ಅವಕಾಶ ಉಂಟು. ನನಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಐದನೇ ತಿಂಗಳಿಗೆ ಹೊಸ ಪಾರ್ಟ್ ಟು ಆರ್ಡರಿನ ಪ್ರತಿ ಬಂತು. ಹಿಂದೆಯೇ ತಿದ್ದಿದ ಪುಸ್ತಕವೂ ಬಂತು.

ಅವತ್ತೇ ಪೇಟೆಗೆ ಹೋಗಿ ಎಲ್ಲಾ ಪುಟ ಜೆರಾಕ್ಸ್ ಮಾಡಿಸಿದೆ. ಒಂದು ಸೆಟ್ ಭದ್ರಾವತಿಯ ಭಾವನ ಮನೆಯಲ್ಲಿದೆ. ಅಸಲಿ ಪುಸ್ತಕ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಮ್ಮನ ಟ್ರಂಕಿನಲ್ಲಿಟ್ಟು, ಮತ್ತೆ ಅಟ್ಟಕ್ಕೆ ಏರಿಸಿದ್ದೇನೆ.