ಹುಣಸೆ ಬೀಜ ಹಚ್ಚಿ ಕ್ವಿಜ್ ಆಡುವುದು ಹೇಗೆ?

ರಾತ್ರಿ ಊಟ ಮುಗಿದ ಮೇಲೆ ಗಂಗಾವತಿಯ ನಮ್ಮ ಮನೆಯಲ್ಲಿ ಟಿವಿ ಮುಂದೆ ಎರಡು ಪಾರ್ಟಿ. ಉತ್ತರ ಕೂಗುವವರದು ಒಂದು, ‘ಅಷ್ಟು ಹಚ್ಚಬಾರದಿತ್ತು ಬಿಡು’ ಅನ್ನುವವರದು ಇನ್ನೊಂದು. (ನಮ್ಮ ಕಡೆ ಹಚ್ಚುವುದು ಅಂದರೆ ಪಣಕ್ಕಿಡುವುದು.) ಎರಡನೆಯದಕ್ಕೆ ನಮ್ಮ ಮಾವನವರೇ ಲೀಡರು. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆದು ನಿವೃತ್ತರಾದ ಮನುಷ್ಯ. ಪ್ರಶ್ನೆ ಏನೆಂದು ಅವರು ಕೇಳಿಸಿಕೊಳ್ಳುವುದೂ ಇಲ್ಲ, ಯಾರ ಹತ್ತಿರ ಎಷ್ಟಿದೆ ಅನ್ನುವುದನ್ನು ಮಾತ್ರ ಕ್ಯಾಲೆಂಡರಿನ ಹಿಂದೆ ಗೀಚುತ್ತ ಕೂರುತ್ತಾರೆ. ಈ ಆಟ ಮನೆಗೆ ಬಂದಿದ್ದು ಅವರಿಂದಲೇ.

ಚಂದನದಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ನಡೆಸಿಕೊಂಡು ಬಂದಿರುವ ‘ಥಟ್ ಅಂತ ಹೇಳಿ’ಯಲ್ಲಿ ಬಹುಮಾನ ಪುಸ್ತಕ. ಅಲ್ಲಿ ಪಣದ ಮಾತಿಲ್ಲ, ಉತ್ತರ ಗೊತ್ತಿದ್ದರೆ ಸಾಕು. ಪಣ ಕಟ್ಟಿ ಆಡುವ ಕ್ವಿಜ್ ಅಂದರೆ ಅಮೆರಿಕದ ‘ಜೆಪರ್ಡಿ’. 1964ರಲ್ಲಿ ಶುರುವಾದ ಆ ಆಟದ ತುಣುಕುಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಎರಡು ಸುತ್ತು, ಸುತ್ತಿಗೆ 30 ಸುಳಿವು, ಕೊನೆಗೊಂದು. ಒಟ್ಟು 61. ನಾವು ಅದನ್ನೇ ಚಿಕ್ಕದು ಮಾಡಿಕೊಂಡಿದ್ದೇವೆ.

ಸಾಮಾನು

ಬೇಸಿಗೆಯಲ್ಲಿ ಹುಣಸೆಹಣ್ಣು ಕುಟ್ಟಿ ತೆಗೆದ ಬೀಜ ಒಂದು ಡಬ್ಬಿ. ಬಜರ್ ಬದಲು ಒಬ್ಬೊಬ್ಬರಿಗೂ ಒಂದು ಸ್ಟೀಲ್ ತಟ್ಟೆ, ಒಂದು ಚಮಚ. ದುಡ್ಡು ಮಾತ್ರ ಬೇಡ. ಹತ್ತು ರೂಪಾಯಿ ಬಂದರೂ ಅದು ಕ್ವಿಜ್ ಆಗಿ ಉಳಿಯುವುದಿಲ್ಲ, ಇಸ್ಪೀಟಿನ ಅಡ್ಡೆ ಆಗುತ್ತದೆ.

ಮೂವರು ಆಡುವವರು, ಒಬ್ಬರು ಓದುವವರು. ಶುರುವಿಗೆ ತಲಾ 20 ಬೀಜ. ಐದು ವಿಷಯ, ವಿಷಯಕ್ಕೆ ನಾಲ್ಕು ಸುಳಿವು, ಬೆಲೆ 5, 10, 15, 20. ಸರಿಯಾದರೆ ಅಷ್ಟು ಬೀಜ ಬರುತ್ತವೆ, ತಪ್ಪಾದರೆ ಅಷ್ಟೇ ಹೋಗುತ್ತವೆ. ಮಂಡಾಳ (ಮಂಡಕ್ಕಿ) ಒಗ್ಗರಣಿ ತಿನ್ನುವ ತಟ್ಟೆ ಬೇರೆ ಇರಲಿ. ಇಲ್ಲದಿದ್ದರೆ ಚಮಚ ಬಡಿದಾಗ ಮಂಡಾಳು ಹಾರಿ ನೆಲವೆಲ್ಲ ಗುಡಿಸಬೇಕಾಗುತ್ತದೆ, ಗುಡಿಸುವವಳು ನಾನೇ.

ಸುಳಿವು ಬಿಡಿಸುವುದು

ಸುಳಿವಿನಲ್ಲಿ ಮೊದಲು ಹುಡುಕಬೇಕಾದ್ದು ‘ಈ’ ಅನ್ನುವ ಅಕ್ಷರ. ಈ ಊರು, ಈ ಅರಸ, ಈ ಗುಡಿ. ಉತ್ತರದ ಜಾತಿ ಯಾವುದೆಂದು ಅದೇ ಹೇಳಿಬಿಡುತ್ತದೆ. ಒಂದು ನೋಡಿ: ‘ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು 1915ರಲ್ಲಿ ಸಿಕ್ಕ ಶಾಸನದಿಂದ ಜಗತ್ತಿಗೆ ತೋರಿಸಿಕೊಟ್ಟದ್ದು ರಾಯಚೂರು ಜಿಲ್ಲೆಯ ಈ ಊರು.’ ಮೈದುನನ ಮಗ ತಟ್ಟೆ ಬಡಿದು ‘ಅಶೋಕ!’ ಅಂದ. ಹೆಸರು ಸುಳಿವಿನೊಳಗೇ ಇದೆ, ಕೇಳಿದ್ದು ಊರನ್ನು. ಮಸ್ಕಿ. ಹದಿನೈದು ಬೀಜ ಹೋದವು.

ಎರಡನೆಯದು, ಹೊಗಳಿಕೆಗೆ ಮರುಳಾಗಬಾರದು. ‘ದೇವಾಲಯ ಚಕ್ರವರ್ತಿ ಎಂದು ಶಾಸನವೇ ಕರೆದ, ಆರನೇ ವಿಕ್ರಮಾದಿತ್ಯನ ದಂಡನಾಯಕ 1112ರಲ್ಲಿ ಕಟ್ಟಿಸಿದ ಈ ಗುಡಿ ಕುಕನೂರಿನ ಹತ್ತಿರವಿದೆ’ ಎಂದು ಓದಿದರೆ, ‘ಚಕ್ರವರ್ತಿ’ ಕಿವಿಗೆ ಬಿದ್ದಕೂಡಲೇ ಅರ್ಧ ಮಂದಿ ಹಂಪಿ ಅನ್ನುತ್ತಾರೆ. ಉಪಯೋಗಕ್ಕೆ ಬರುವುದು ಇಸವಿ ಮತ್ತು ಊರು. 1112ಕ್ಕೆ ವಿಜಯನಗರ ಇನ್ನೂ ಹುಟ್ಟಿರಲಿಲ್ಲ. ಕುಕನೂರಿನ ಪಕ್ಕ ಅಂದಮೇಲೆ ಇಟಗಿಯ ಮಹಾದೇವ ಗುಡಿಯೇ.

ನಡುವೆ ಬರುವ ಪಣ

ಇಪ್ಪತ್ತು ಚೀಟಿಗಳಲ್ಲಿ ಒಂದರ ಹಿಂದೆ ಓದುವವರು ಗುಟ್ಟಾಗಿ ಚುಕ್ಕೆ ಇಟ್ಟಿರಬೇಕು. ಜೆಪರ್ಡಿಯಲ್ಲಿ ಇದಕ್ಕೆ ಡೈಲಿ ಡಬಲ್ ಅನ್ನುತ್ತಾರೆ, ಮೊದಲ ಸುತ್ತಿನಲ್ಲಿ ಒಂದು, ಎರಡನೆಯದರಲ್ಲಿ ಎರಡು. ಅದು ಸಿಕ್ಕವರು ಸುಳಿವು ಕೇಳುವ ಮೊದಲೇ ತಮ್ಮ ರಾಶಿಯಿಂದ ಎಷ್ಟು ಹಚ್ಚುತ್ತೇವೆಂದು ಹೇಳಬೇಕು. ಜೆಪರ್ಡಿ ಬೋರ್ಡಿನಲ್ಲಿ ಕಡಿಮೆ ಬೆಲೆಯ ಮೇಲಿನ ಸಾಲಿನಲ್ಲಿ ಅದು ಅಡಗಿರುವುದು ತೀರಾ ಅಪರೂಪ, ದೊಡ್ಡ ಬೆಲೆಯ ಕೆಳಗಿನ ಸಾಲುಗಳಲ್ಲೇ ಹೆಚ್ಚು. ಹಾಗಾಗಿ ಪಳಗಿದವರು ದೊಡ್ಡ ಬೆಲೆಯ ಚೀಟಿಯಿಂದ ಶುರು ಮಾಡುತ್ತಾರೆ. ಎಷ್ಟು ಹಚ್ಚಬೇಕೆನ್ನುವುದು ವಿಷಯ ನೋಡಿ ಹೇಳಬೇಕಾದ ಮಾತು. ನಮ್ಮಲ್ಲಿ ‘ತುಂಗಭದ್ರಾ ಡ್ಯಾಂ’ ಬಂದರೆ ಹಿಂದೆಮುಂದೆ ನೋಡದೆ ಅಷ್ಟೂ ಹಚ್ಚಬಹುದು. 33 ಗೇಟಿನಲ್ಲಿ 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋದದ್ದು 19ನೆಯದು ಎಂದು ಭತ್ತದ ನಾಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಕೊನೆಯ ಪಣ: ಪೆನ್ನು ಹಿಡಿಯಿರಿ

ಆಟದ ರುಚಿ ಇರುವುದೆಲ್ಲ ಇಲ್ಲಿ. ಕೊನೆಯ ಸುಳಿವಿನ ವಿಷಯ ಮಾತ್ರ ಹೇಳುತ್ತಾರೆ, ಮೂವರೂ ಗುಟ್ಟಾಗಿ ಪಣ ಬರೆದಿಡಬೇಕು. ಆಮೇಲೆ ಸುಳಿವು, ಉತ್ತರಕ್ಕೆ 30 ಸೆಕೆಂಡು. ಮೊದಲ ಸಲ ನಾನು ‘ನನಗೆ ಈ ವಿಷಯ ಎಷ್ಟು ಗೊತ್ತು’ ಎಂದು ಲೆಕ್ಕ ಹಾಕುತ್ತ ಕೂತಿದ್ದೆ. ಮಾವನವರು ಬೈದರು: ‘ನಿನ್ನ ರಾಶಿ ಏನ್ ನೋಡ್ತೀಬೇ ಯವ್ವಾ, ಬಾಜೂದಾಕಿ ರಾಶಿ ಎಣಸು.’

ಬಾಜೂದಾಕಿ ಅಂದರೆ ನನ್ನ ನೆಗೆಣ್ಣಿ. ಅವತ್ತು ನನ್ನ ಹತ್ತಿರ 120, ಆಕೆಯ ಹತ್ತಿರ 90, ಹುಡುಗನ ಹತ್ತಿರ 40. ಆಕೆ ಎಲ್ಲ ಹಚ್ಚಿ ಸರಿ ಹೇಳಿದರೆ 180 ಆಗುತ್ತಾಳೆ. ಅದನ್ನು ದಾಟಲು ನನಗೆ 181 ಬೇಕು, ಅಂದರೆ ಪಣ 61. ಮುಂದಿರುವವರ ಪಣ ಇಷ್ಟೇ: ಎರಡನೆಯವರ ದುಪ್ಪಟ್ಟಿಗೆ ಒಂದು ಸೇರಿಸಿ, ತಮ್ಮದನ್ನು ಕಳೆಯುವುದು.

ಆದರೆ ನಾನು 61 ಹಚ್ಚಿ ತಪ್ಪಿದರೆ 59ಕ್ಕೆ ಇಳಿಯುತ್ತೇನೆ. ನೆಗೆಣ್ಣಿ ಏನೂ ಹಚ್ಚದಿದ್ದರೂ 90 ಇದ್ದೇ ಇದೆ. ಆಕೆಗೆ ಹೆದರಿಕೆ ಹುಡುಗನದು ಮಾತ್ರ, ಅವನು ದುಪ್ಪಟ್ಟಾದರೆ 80. ಆಕೆ 9 ಹಚ್ಚಿ ತಪ್ಪಿದರೂ 81 ಉಳಿಯುತ್ತದೆ. ಹಾಗಾಗಿ ಎರಡನೆಯವರು ಮುಂದಿನವರ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿದ್ದರೆ ಕೈ ಬಿಗಿ ಹಿಡಿಯುವುದೇ ಜಾಣತನ. ಅದಕ್ಕಿಂತ ಕಡಿಮೆ ಇದ್ದರೆ ಹಚ್ಚದೆ ಗತಿಯಿಲ್ಲ. 120ಕ್ಕೆ ಎದುರು 70 ಇದೆ ಅನ್ನಿ. ಮುಂದಿರುವವರು 21 ಹಚ್ಚಿ ತಪ್ಪಿದರೂ 99 ಉಳಿಸಿಕೊಳ್ಳುತ್ತಾರೆ, ಕೂತಲ್ಲೇ ಕೂತರೆ 70 ಏನೂ ಮಾಡಲಾಗದು. ಅರ್ಧಕ್ಕಿಂತ ಕಡಿಮೆ ಇದ್ದರಂತೂ ಮುಗಿಯಿತು. ಮುಂದಿರುವವರು ಸುಮ್ಮನೆ ಕೂತೇ ಗೆಲ್ಲುತ್ತಾರೆ.

ಈ ಲೆಕ್ಕ ಟಿವಿಯಲ್ಲಿ ಕಣ್ಣಿಗೆ ಕಟ್ಟಿದಂತೆ ಕಂಡದ್ದು 2019ರ ಜೂನ್ 3ರಂದು. ಜೇಮ್ಸ್ ಹೋಲ್ಜ್‌ಹೌರ್ ಸತತ 32 ಆಟ ಗೆದ್ದಿದ್ದ. ಲಾಸ್ ವೇಗಸ್‌ನಲ್ಲಿ ಬಾಜಿ ಕಟ್ಟುವುದೇ ಅವನ ಕಸುಬು. ಅವತ್ತು ಅವನ ಹತ್ತಿರ 23,400 ಡಾಲರ್, ಗ್ರಂಥಪಾಲಕಿ ಎಮ್ಮಾ ಬೆಚರ್ ಹತ್ತಿರ 26,600, ಮೂರನೆಯವನ ಹತ್ತಿರ 11,000. ಜೇಮ್ಸ್ ಹಚ್ಚಿದ್ದು ಬರೀ 1,399. ಬೇಕಂತಲೇ ಸೋತ ಎಂದು ನೋಡುವವರು ಎಷ್ಟೋ ಮಂದಿ ಗುಲ್ಲೆಬ್ಬಿಸಿದರು. ಕಳೆದು ನೋಡಿ, ತಪ್ಪಿದ್ದರೂ ಅವನಿಗೆ 22,001 ಉಳಿಯುತ್ತಿತ್ತು, ಮೂರನೆಯವನ ದುಪ್ಪಟ್ಟಿಗಿಂತ ಸರಿಯಾಗಿ ಒಂದು ಹೆಚ್ಚು. ಎಮ್ಮಾ ಹಚ್ಚಿದ್ದು 20,201. ಗೆದ್ದರೆ 46,801, ಜೇಮ್ಸ್‌ನ ದುಪ್ಪಟ್ಟಿಗಿಂತ ಅದೂ ಒಂದೇ ಹೆಚ್ಚು. ಆಕೆಯ ಉತ್ತರ ಸರಿಯಾಯಿತು, ಗೆದ್ದಳು. ಇದನ್ನು ನಾನು ಮಾವನವರಿಗೆ ಓದಿ ಹೇಳಿದಾಗ ‘ಗಿರಣ್ಯಾಗ ಇದ್ದಿದ್ರ ಇಬ್ರೂ ಚಲೋ ಗುಮಾಸ್ತರಾಗ್ತಿದ್ರು’ ಅಂದರು.

ಎದುರಿನವರು ಈ ಸೂತ್ರ ಕಲಿತರೆ ಆಟ ಮತ್ತೆ ತಿರುಗುತ್ತದೆ. ನೆಗೆಣ್ಣಿ 9 ಮಾತ್ರ ಹಚ್ಚುತ್ತಾಳೆಂದು ಗೊತ್ತಿದ್ದರೆ ನಾನು 20 ಹಚ್ಚಿ ತಪ್ಪಿದರೂ 100 ಉಳಿಯುತ್ತದೆ, ಆಕೆ ಸರಿ ಹೇಳಿದರೂ 99. ಅದನ್ನು ಆಕೆ ಊಹಿಸಿ ತೊಂಬತ್ತನ್ನೂ ಹಚ್ಚಿದರೆ ನಾನು ಕೆಟ್ಟೆ. ಈಚೆಗೆ ಇಬ್ಬರೂ ಚೀಟಿ ಬರೆಯುವ ಮೊದಲು ಒಬ್ಬರ ಮುಖ ಒಬ್ಬರು ನೋಡುತ್ತೇವೆ.

ಬಿಟ್ಟು ಏಳುವುದು ಯಾವಾಗ

‘ಕೌನ್ ಬನೇಗಾ ಕರೋಡ್‌ಪತಿ’ ಥರದ ಆಟದಲ್ಲಿ ಎದುರಾಳಿ ಇಲ್ಲ, ಏಣಿ ಮಾತ್ರ. 3,20,000ದ ಮೆಟ್ಟಿಲು ಗಟ್ಟಿ, ಅಂದರೆ ಮುಂದೆ ತಪ್ಪಿದರೂ ಅಷ್ಟು ಕೈಗೆ ಸಿಗುತ್ತದೆ ಅಂತಿಟ್ಟುಕೊಳ್ಳಿ. ಕೈಯಲ್ಲಿ 6,40,000 ಇದೆ, ಮುಂದಿನದು 12,50,000. ಸೋತರೆ 3,20,000 ಹೋಗುತ್ತದೆ, ಗೆದ್ದರೆ 6,10,000 ಬರುತ್ತದೆ. ಸರಾಸರಿ ಲೆಕ್ಕದಲ್ಲಿ ನೂರಕ್ಕೆ 35ರಷ್ಟು ನಂಬಿಕೆ ಇದ್ದರೂ ಆಡಬಹುದು. ನಾಲ್ಕರಲ್ಲಿ ಎರಡು ತಪ್ಪು ಉತ್ತರ ತೆಗೆಸುವ ಫಿಫ್ಟಿ-ಫಿಫ್ಟಿ ಉಳಿದಿದ್ದರೆ ಕಣ್ಣು ಮುಚ್ಚಿ ಆರಿಸಿದರೂ ನೂರಕ್ಕೆ 50.

ಮಗಳು ಇದನ್ನು ಹಾಳೆಯ ಮೇಲೆ ಸಾಧಿಸಿ ತೋರಿಸಿದಳು. ಮಾವನವರು ಕನ್ನಡಕ ಏರಿಸಿ ಎರಡು ಸಲ ನೋಡಿದರು. ‘ಲೆಕ್ಕ ಬರೋಬ್ಬರಿ ಐತಿ. ಆದ್ರ ಆ ಕುರ್ಚಿ ಮ್ಯಾಲೆ ಒಮ್ಮೆ ಕುಂದರತಾರವ್ವ, ನೂರು ಸಲ ಅಲ್ಲ. ಮೂರು ಲಕ್ಷದ ಸಾಲ ಇದ್ದಾಂವ ಎದ್ದು ಬರಬೇಕು.’ ಅವಳು ಒಪ್ಪಲಿಲ್ಲ. ಬೀಜದ ಡಬ್ಬಿ ಮುಚ್ಚುವಾಗಲೂ ವಾದ ನಡೆದೇ ಇತ್ತು.