ರಾತ್ರಿ ಪಂಪ್ ಕೆಲಸದ ನಂತರ ನಿದ್ದೆಯನ್ನು ಹಳಿಗೆ ತರುವ ನಡಿಗೆ

ಫೆಬ್ರವರಿ–ಮಾರ್ಚ್‌ನಲ್ಲಿ ಕಾಫಿ ಹೂವಿಗಾಗಿ ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಕಾದವರಿಗೆ ಆ ಕೆಲಸ ಮುಗಿದ ಮೇಲೂ ಬೇಗ ನಿದ್ದೆ ಹತ್ತುವುದಿಲ್ಲ. ದೇಹದ ಗಡಿಯಾರ ಹಿಂದೆ ಬಿದ್ದಿರುತ್ತದೆ. ಅದನ್ನು ತಿದ್ದಲು ಬೆಳಕೇ ಮುಖ್ಯ. ವ್ಯಾಯಾಮವೂ ನೆರವಾಗುತ್ತದೆ, ಆದರೆ ಹೊತ್ತು ತಪ್ಪಿದರೆ ಕೆಡಿಸುತ್ತದೆ.

2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆಳಿಗ್ಗೆ 7ಕ್ಕೆ ಅಥವಾ ಮಧ್ಯಾಹ್ನ 1ರಿಂದ 4ರ ನಡುವೆ ಒಂದು ಗಂಟೆ ಟ್ರೆಡ್‌ಮಿಲ್ ವ್ಯಾಯಾಮ ಮಾಡಿದಾಗ ಗಡಿಯಾರ ಮುಂಚೆಗೆ ಸರಿಯಿತು. ರಾತ್ರಿ 7ರಿಂದ 10ರ ನಡುವೆ ಮಾಡಿದಾಗ ತಡವಾಯಿತು. ಇವು ಮಾಮೂಲು ವೇಳೆಗೆ ಮಲಗುವವರ ಲೆಕ್ಕ. ನೀವು ಈಗ 3ಕ್ಕೆ ಮಲಗಿ 11ಕ್ಕೆ ಏಳುತ್ತಿದ್ದರೆ, ಏಕಾಏಕಿ 6ಕ್ಕೆ ಎದ್ದು ಓಡಬೇಡಿ. ದೇಹದ ಉಷ್ಣತೆ ಕನಿಷ್ಠಕ್ಕೆ ಇಳಿಯುವುದು ಏಳುವ ಸುಮಾರು ಎರಡು ಗಂಟೆ ಮೊದಲು. ಅದಕ್ಕೂ ಮುಂಚಿನ ಬೆಳಕು ಗಡಿಯಾರವನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ.

ಎದ್ದ ಕೂಡಲೇ ಹೊರಗೆ 30–45 ನಿಮಿಷ ನಡೆಯಿರಿ. ಮಾತಾಡಬಹುದು, ಹಾಡಲು ಉಸಿರು ಸಾಲದು ಎನ್ನುವಷ್ಟು ಬಿರುಸು ಸಾಕು. ಎರಡು ದಿನಕ್ಕೊಮ್ಮೆ ಅಲಾರಾಂ ಅರ್ಧ ಗಂಟೆ ಮುಂಚೆ ಇಡಿ, ರಜೆಯಲ್ಲೂ ಬದಲಿಸಬೇಡಿ. ವೇಳೆ ನಸುಕಿಗೆ ಬಂದಾಗ ತೋಟದ ದಾರಿ ಬೇಡವೇ ಬೇಡ, ಆನೆಗಳಿರುತ್ತವೆ. ಬೆಳಕು ಹರಿಯುವವರೆಗೆ ಕಣದಲ್ಲೇ ಸುತ್ತಿ. ಮಳೆಗಾಲದ ಮೋಡ ಕವಿದ ಬೆಳಕೂ ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು, ಜಗುಲಿಯಲ್ಲಿ ನಿಂತಾದರೂ ವ್ಯಾಯಾಮ ಮಾಡಿ.

ಹಾಕಿಯಂಥ ಬಿರುಸಿನ ಆಟ ಸಂಜೆ 6ರೊಳಗೆ ಮುಗಿಯಲಿ. ಕೊನೆಯ ಕಾಫಿ ಮಲಗುವುದಕ್ಕೆ ಎಂಟು ಗಂಟೆ ಮೊದಲು. ನಿದ್ದೆಗೆಟ್ಟ ದಿನ ಭಾರ ಎತ್ತಬೇಡಿ, ನಡಿಗೆಯಷ್ಟೇ ಸಾಕು.