‘ಬಯಾಲಜಿಸ್ಟ್ ಬೇಕಾಗಿದ್ದಾರೆ’ ಎಂಬ ಜಾಹೀರಾತಿಗೆ ಕಾಯಬೇಡಿ

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಜೈವಿಕ ತಂತ್ರಜ್ಞಾನ ಓದಿ ಹೊರಬರುವ ಹುಡುಗ ಹುಡುಗಿಯರಿಗೇನೂ ಕೊರತೆಯಿಲ್ಲ. ಅವರಲ್ಲಿ ಬಹುಪಾಲು ಮಂದಿ ಮೊಬೈಲಿನಲ್ಲಿ ‘ಬಯಾಲಜಿಸ್ಟ್, ಕೋಲಾರ’ ಎಂದು ಹುಡುಕುತ್ತಾರೆ, ಏನೂ ಸಿಗದಿದ್ದಾಗ ನಮ್ಮ ಕಡೆ ಕೆಲಸವೇ ಇಲ್ಲ ಎಂದು ತೀರ್ಮಾನಿಸುತ್ತಾರೆ. ಗುಣಮಟ್ಟ ಪರೀಕ್ಷೆಯ ಪ್ರಯೋಗಾಲಯಗಳಿಗೆ ಜನ ಆರಿಸುವಾಗ ಮೇಜಿನ ಆಚೆ ಬದಿಯಲ್ಲಿ ಕುಳಿತವನಾಗಿ ಹೇಳುತ್ತೇನೆ: ಕೆಲಸ ಇದೆ, ಆದರೆ ಆ ಹೆಸರಿನಲ್ಲಿ ಇಲ್ಲ. ಮನೆಬಾಗಿಲಿಗೆ ಬಂದ ಕೆಲಸವನ್ನೂ ನಮ್ಮ ಮಕ್ಕಳು ದ್ರವ ಅಳೆದು ಎಳೆಯುವ ಒಂದು ಪಿಪೆಟ್ ಸರಿಯಾಗಿ ಹಿಡಿಯಲಾರದೆ ಕಳೆದುಕೊಳ್ಳುತ್ತಾರೆ.

ಮೊದಲ ಹೆಜ್ಜೆ: ಕೆಡುವ ವಸ್ತು ಎಲ್ಲಿದೆ ನೋಡಿ

ಏನಾದರೂ ಕೆಡುವ ಕಡೆ ಜೀವವಿಜ್ಞಾನ ಓದಿದವರು ಬೇಕಾಗುತ್ತಾರೆ. ನಮ್ಮಲ್ಲಿ ಹಾಲು ಕೆಡುತ್ತದೆ, ಟೊಮೆಟೊ ಕೊಳೆಯುತ್ತದೆ, ಕೆರೆ ಮಲಿನವಾಗುತ್ತದೆ, ರೇಷ್ಮೆ ಹುಳಕ್ಕೆ ರೋಗ ಬರುತ್ತದೆ. ಹಾಲಿನ ಘಟಕಗಳ ಜಾಹೀರಾತಿನಲ್ಲಿ ‘ಕೆಮಿಸ್ಟ್’ ಎಂದಿರುತ್ತದೆ, ಆಹಾರ ಕಾರ್ಖಾನೆಯಲ್ಲಿ ‘ಕ್ಯೂ.ಸಿ. ಎಕ್ಸಿಕ್ಯುಟಿವ್’ (ಕ್ಯೂ.ಸಿ. ಅಂದರೆ ಗುಣಮಟ್ಟ ನಿಯಂತ್ರಣ), ಬೀಜ ಕಂಪನಿಯಲ್ಲಿ ‘ಫೀಲ್ಡ್ ಅಸಿಸ್ಟೆಂಟ್’ ಅಥವಾ ‘ಟ್ರಯಲ್ ಅಸಿಸ್ಟೆಂಟ್’. ಈ ಹೆಸರುಗಳಲ್ಲಿ ಹುಡುಕಿ. ಮಾಲೂರು, ನರಸಾಪುರ, ವೇಮಗಲ್, ಗೌರಿಬಿದನೂರು ಕೈಗಾರಿಕಾ ಪ್ರದೇಶಗಳಲ್ಲಿ ಆಹಾರ ಮತ್ತು ಔಷಧ ತಯಾರಿಸುವವರು ಯಾರು ಎಂದು ಒಂದು ದಿನ ತಿರುಗಾಡಿ ಪಟ್ಟಿ ಮಾಡಿಕೊಳ್ಳಿ. ಗೇಟಿನ ಸೆಕ್ಯುರಿಟಿಯವರಿಗೆ ನಮಸ್ಕಾರ ಹೇಳಿ, ಒಳಗೆ ಲ್ಯಾಬ್ ಇದೆಯೇ ಎಂದು ಕೇಳಿ. ಯಾವ ವೆಬ್‌ಸೈಟೂ ಹೇಳದ ವಿಷಯವನ್ನು ಅವರು ಹೇಳುತ್ತಾರೆ.

ಜನ ಮರೆಯುವ ಒಂದು ದಿಕ್ಕು ರೇಷ್ಮೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಎಲ್ಲರಿಗೂ ಗೊತ್ತು. ಆ ಗೂಡಿನ ಹಿಂದೆ ರೋಗವಿಲ್ಲದ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಿವೆ, ಎಳೆಯ ಹುಳುಗಳನ್ನು ಸಾಕುವ ಚಾಕಿ ಸಾಕಾಣಿಕೆ ಕೇಂದ್ರಗಳಿವೆ ಎಂಬುದು ಪ್ರಾಣಿಶಾಸ್ತ್ರದ ಪದವೀಧರರಿಗೇ ನೆನಪಿರುವುದಿಲ್ಲ. ಬಿತ್ತನೆ ಕೋಠಿಯಲ್ಲಿ ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅರೆದು, ಸೂಕ್ಷ್ಮದರ್ಶಕದಡಿ ಗಂಟು ರೋಗದ ಬೀಜಕಣಗಳಿಗಾಗಿ ಹುಡುಕುತ್ತಾರೆ. ಮಿನುಗುವ ಅಂಡಾಕಾರದ ಆ ಕಣಗಳು ಕಂಡರೆ ಆ ಮೊಟ್ಟೆಗಳನ್ನು ನಾಶ ಮಾಡಬೇಕು, ಏಕೆಂದರೆ ರೋಗ ತಾಯಿಯಿಂದ ಮೊಟ್ಟೆಗೇ ದಾಟುತ್ತದೆ. ಇದನ್ನು ಮಾಡಬಲ್ಲ ಕಣ್ಣಿಗೆ ಬೆಲೆಯಿದೆ. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜೇ ಇದೆ; ಅಲ್ಲಿನ ಅಧ್ಯಾಪಕರನ್ನು ಹೋಗಿ ಕಂಡರೆ ಯಾವ ಕೋಠಿಯವರಿಗೆ ಜನ ಬೇಕು ಎಂದು ತಿಳಿಯುವ ಸಾಧ್ಯತೆ ಹೆಚ್ಚು.

ನೀರಿನದೂ ಹಾಗೆಯೇ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗಿನಿಂದ ನಮ್ಮ ಕೆರೆಗಳ ನೀರಿನ ಗುಣಮಟ್ಟ ಸಾರ್ವಜನಿಕ ಚರ್ಚೆಯ ವಿಷಯ. ಕೊಳವೆಬಾವಿಗಳಲ್ಲಿ ಫ್ಲೋರೈಡ್ ಕಾಟ ಅದಕ್ಕಿಂತ ಹಳೆಯದು. ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಗಳಲ್ಲಿ ಗುತ್ತಿಗೆ ಹುದ್ದೆಗಳು ಬರುತ್ತಿರುತ್ತವೆ. ಸಂಬಳ ಕಡಿಮೆ, ಕಲಿಕೆ ಹೆಚ್ಚು. ಹೊಸಬರು ಮೊದಲು ನೀರು ಅಥವಾ ಹಾಲಿನ ಲ್ಯಾಬ್ ಸೇರಲಿ ಎಂಬುದು ನನ್ನ ಪಟ್ಟು.

ಇನ್ನೊಂದು ಗುಟ್ಟು ಗಡಿಯಾಚೆಗಿದೆ. ಮಾವಿನ ಕಾಲದಲ್ಲಿ ಚಿತ್ತೂರು ಕಡೆಯ ತಿರುಳು ಕಾರ್ಖಾನೆಗಳು ಹಗಲು ರಾತ್ರಿ ಓಡುತ್ತವೆ. ಬ್ರಿಕ್ಸ್ (ಸಕ್ಕರೆಯಂಶದ ಅಳತೆ), ಆಮ್ಲೀಯತೆ ನೋಡುವವರು ಬೇಕೇ ಬೇಕು. ಶ್ರೀನಿವಾಸಪುರ, ಮುಳಬಾಗಿಲಿನವರಿಗೆ ತೆಲುಗು ಹೇಗೂ ಬರುತ್ತದೆ.

ಎರಡನೇ ಹೆಜ್ಜೆ: ಅರ್ಹತೆಯ ಸಾಲು ಓದಿ

ಕೃಷಿ ಅಧಿಕಾರಿ ಹುದ್ದೆಗೆ ಬಿ.ಎಸ್ಸಿ. ಕೃಷಿ ಕೇಳುತ್ತಾರೆ, ಸಸ್ಯಶಾಸ್ತ್ರ ನಡೆಯದು. ಆಸ್ಪತ್ರೆಯ ಲ್ಯಾಬ್ ಟೆಕ್ನೀಷಿಯನ್ ಹುದ್ದೆಗೆ ಡಿ.ಎಂ.ಎಲ್.ಟಿ. (ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ) ಕೇಳುತ್ತಾರೆ, ಸೂಕ್ಷ್ಮಜೀವಶಾಸ್ತ್ರದ ಎಂ.ಎಸ್ಸಿ. ಇಟ್ಟುಕೊಂಡು ವಾದ ಮಾಡಿ ಪ್ರಯೋಜನವಿಲ್ಲ. ಪಿ.ಯು. ಉಪನ್ಯಾಸಕರಾಗಲು ಬಿ.ಇಡಿ. ಬೇಕು. ಅರ್ಜಿ ಶುಲ್ಕ ಕಟ್ಟುವ ಮೊದಲು ಆ ಸಾಲನ್ನು ಎರಡು ಸಲ ಓದಿ.

ಮೂರನೇ ಹೆಜ್ಜೆ: ಒಂದು ಪುಟದ ಸ್ವವಿವರ

ಒಂದೇ ಪುಟ. ತಂದೆಯ ಉದ್ಯೋಗ, ಹವ್ಯಾಸ, ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಪ್ರಮಾಣ ಯಾವುದೂ ಬೇಡ. ಕಾಲೇಜಿನ ಕಾರ್ಯಾಗಾರದಲ್ಲಿ ದೂರದಿಂದ ನೋಡಿದ, ಡಿ.ಎನ್.ಎ. ಪ್ರತಿ ಮಾಡುವ ಪಿ.ಸಿ.ಆರ್. ಯಂತ್ರವನ್ನು ‘ಬಲ್ಲೆ’ ಎಂದು ಬರೆಯಬೇಡಿ. ಮೊದಲ ಪ್ರಶ್ನೆ ಅದರ ಮೇಲೆಯೇ ಬರುತ್ತದೆ.

ನಾಲ್ಕನೇ ಹೆಜ್ಜೆ: ಕೈ ಪರೀಕ್ಷೆ

ಎಡವುವುದು ಇಲ್ಲಿ. ಸಂದರ್ಶನದಲ್ಲಿ ಎರಡು ಪ್ರಶ್ನೆ ಕೇಳಿ, ‘ಬನ್ನಿ, ಲ್ಯಾಬಿಗೆ ಹೋಗೋಣ’ ಎನ್ನುತ್ತಾರೆ. ಶೇಕಡ 80 ಅಂಕ ತೆಗೆದವರ ಮುಖವೂ ಆಗ ಬಿಳಿಚಿಕೊಳ್ಳುವುದನ್ನು ನೋಡಿದ್ದೇನೆ.

ಹಳೆಯ, ಎಂದೂ ತಪ್ಪದ ಪರೀಕ್ಷೆ: 0.1 ನಾರ್ಮಲ್ (ಅಂದರೆ ಲೀಟರಿಗೆ 4 ಗ್ರಾಂ) ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ, 100 ಮಿಲಿ, ಮಾಡಿ ಕೊಡಿ. ಲೆಕ್ಕ ಸುಲಭ, 0.4 ಗ್ರಾಂ. ಅಭ್ಯರ್ಥಿ ಬೀಕರಿಗೆ 100 ಮಿಲಿ ನೀರು ಹಾಕಿ, ಅದಕ್ಕೆ 0.4 ಗ್ರಾಂ ಸುರಿಯುತ್ತಾನೆ. ತಪ್ಪು. ಸ್ವಲ್ಪ ನೀರಿನಲ್ಲಿ ಕರಗಿಸಿ, ತಣ್ಣಗಾಗಲು ಬಿಟ್ಟು, ಗೆರೆಯಿರುವ ವಾಲ್ಯುಮೆಟ್ರಿಕ್ ಫ್ಲಾಸ್ಕಿಗೆ ಬಗ್ಗಿಸಿ, ಬೀಕರ್ ತೊಳೆದ ನೀರನ್ನೂ ಅದಕ್ಕೇ ಸೇರಿಸಿ, ಗೆರೆಯವರೆಗೆ ತುಂಬಬೇಕು. ಗೆರೆಯ ಮಟ್ಟಕ್ಕೆ ಕಣ್ಣು ತಂದು ನೋಡಬೇಕು. ನಿಂತಲ್ಲಿಂದಲೇ ನೋಡುವವರನ್ನು ನಾನು ಅಲ್ಲಿಗೇ ಕೈಬಿಡುತ್ತೇನೆ. ಸೋಡಿಯಂ ಹೈಡ್ರಾಕ್ಸೈಡಿನ ಹರಳು ಗಾಳಿಯ ತೇವವನ್ನು ಹೀರುತ್ತದೆ, ತೂಕದ ಕಾಗದದ ಮೇಲೆ ಬಿಟ್ಟು ಹರಟುತ್ತಿದ್ದರೆ ಒದ್ದೆಯಾಗುತ್ತದೆ. ಬೇಗ ತೂಗಿ. ಕೊನೆಯಲ್ಲಿ ‘ಇದನ್ನು ಆಕ್ಸಾಲಿಕ್ ಆಮ್ಲದೊಂದಿಗೆ ಟೈಟ್ರೇಟ್ ಮಾಡಿ ನಿಜವಾದ ಸಾಂದ್ರತೆ ಕಂಡುಕೊಳ್ಳಬೇಕು ಸರ್’ ಎಂದು ಒಂದು ಮಾತು ಸೇರಿಸಿ. ಆ ಮಾತು ಹೇಳುವವರು ವಿರಳ.

ಎರಡನೆಯದು ಬ್ಯಾಕ್ಟೀರಿಯಾ ಎಣಿಕೆ. 1 ಮಿಲಿ ಹಾಲನ್ನು ತೆಳುಗೊಳಿಸಲು ಇಟ್ಟ 9 ಮಿಲಿ ಕ್ರಿಮಿರಹಿತ ದ್ರಾವಣಕ್ಕೆ ಹಾಕಿ ಚೆನ್ನಾಗಿ ಕಲಕಿ, ಅದರಿಂದ 1 ಮಿಲಿ ಮುಂದಿನ ನಳಿಕೆಗೆ, ಹೀಗೆ ಹತ್ತು ಹತ್ತು ಪಟ್ಟು ತೆಳುಗೊಳಿಸುತ್ತ ಹೋಗಬೇಕು. ಪ್ರತಿ ನಳಿಕೆಗೂ ಪಿಪೆಟ್ಟಿಗೆ ಹೊಸ ತುದಿ. ಹಳೆಯ ತುದಿಯಲ್ಲೇ ಮುಂದುವರಿದರೆ ಎಣಿಕೆ ಕೆಟ್ಟಂತೆ. ಮೈಕ್ರೊಪಿಪೆಟ್ಟಿನ ಗುಂಡಿಗೆ ಎರಡು ತಡೆಗಳಿವೆ: ಮೊದಲ ತಡೆಯವರೆಗೆ ಒತ್ತಿ ದ್ರವ ಎಳೆಯಬೇಕು, ಎರಡನೆಯವರೆಗೆ ಒತ್ತಿ ಹೊರಹಾಕಬೇಕು. ಭಯದಲ್ಲಿ ಎರಡನೇ ತಡೆಯವರೆಗೆ ಒತ್ತಿ ಎಳೆದರೆ ಹೆಚ್ಚು ದ್ರವ ಬರುತ್ತದೆ. ಹೀಗೆ ತೆಳುಗೊಳಿಸಿದ್ದನ್ನು ಬ್ಯಾಕ್ಟೀರಿಯಾ ಬೆಳೆಸುವ ಪೆಟ್ರಿ ತಟ್ಟೆಗೆ ಹಾಕುವಾಗ ಗುರುತು ಬರೆಯುವುದು ತಟ್ಟೆಯ ತಳಕ್ಕೆ, ಮುಚ್ಚಳಕ್ಕಲ್ಲ. ಮುಚ್ಚಳಗಳು ಅದಲು ಬದಲಾದರೆ ಯಾವ ತಟ್ಟೆ ಯಾವುದು ಎಂದು ಬ್ರಹ್ಮನಿಗೂ ತಿಳಿಯದು.

ನಂತರ ಲೆಕ್ಕ. ಸಾವಿರ ಪಟ್ಟು ತೆಳುಗೊಳಿಸಿದ ಹಾಲಿನ 1 ಮಿಲಿ ಹಾಕಿದ ತಟ್ಟೆಯಲ್ಲಿ 86 ಕಾಲೊನಿ (ಬ್ಯಾಕ್ಟೀರಿಯಾ ಬೆಳೆದು ಕಾಣುವ ಚುಕ್ಕೆ) ಬಂದರೆ ಮಿಲಿಗೆ 86,000. ಹಾಕಿದ್ದು 0.1 ಮಿಲಿಯಾದರೆ 8,60,000. ಈ ಹತ್ತರ ಗುಣಾಕಾರವನ್ನು ಮರೆತು ಕೆಲಸ ಕಳೆದುಕೊಂಡವರು ಬಹಳ. 30ಕ್ಕಿಂತ ಕಡಿಮೆ ಅಥವಾ 300ಕ್ಕಿಂತ ಹೆಚ್ಚು ಕಾಲೊನಿಯಿರುವ ತಟ್ಟೆಯನ್ನು ಎಣಿಕೆಗೆ ಹಿಡಿಯಬೇಡಿ. ಒತ್ತಡದ ಹಬೆಯಲ್ಲಿ ಸಲಕರಣೆಗಳನ್ನು ಕ್ರಿಮಿರಹಿತಗೊಳಿಸುವ ಆಟೊಕ್ಲೇವ್ ಬಗ್ಗೆ ಕೇಳಿದರೆ 121 ಡಿಗ್ರಿ, 15 ನಿಮಿಷ ಎಂದು ಹೇಳಿ ನಿಲ್ಲಿಸದೆ, ಒತ್ತಡ ಪೂರ್ತಿ ಇಳಿಯುವವರೆಗೆ ಮುಚ್ಚಳ ತೆಗೆಯುವುದಿಲ್ಲ ಎಂದೂ ಹೇಳಿ.

ಅಭ್ಯಾಸ ಎಲ್ಲಿ? ಕೊನೆಯ ಸೆಮಿಸ್ಟರಿನಲ್ಲಿ, ನಿಮ್ಮದೇ ಕಾಲೇಜಿನಲ್ಲಿ. ಲ್ಯಾಬ್ ಅಟೆಂಡರ್ ಅಣ್ಣನ ಸ್ನೇಹ ಮಾಡಿಕೊಳ್ಳಿ, ಸಂಜೆ ನಳಿಕೆ ತೊಳೆದುಕೊಡಿ, ಬಣ್ಣದ ನೀರಿನಲ್ಲಿ ಕೈ ಕೂರುವವರೆಗೆ ಮಾಡಿ. ಹತ್ತು ಹದಿನೈದು ಸಾವಿರ ರೂಪಾಯಿ ಕೇಳುವ ‘ಪ್ರಾಯೋಗಿಕ ತರಬೇತಿ’ ಅಂಗಡಿಗಳಿಗೆ ಹೋಗಬೇಡಿ. ಒಂದು ಪಿಪೆಟ್ಟಿನ ಸುತ್ತ ಇಪ್ಪತ್ತು ಜನರನ್ನು ನಿಲ್ಲಿಸಿ ಪ್ರಮಾಣಪತ್ರ ಹಂಚುವವರೇ ಅವರಲ್ಲಿ ಹೆಚ್ಚು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಮೈಕ್ರೊಪಿಪೆಟ್ ಕೊಳ್ಳುವುದೂ ದಂಡ, ಅಳತೆ ನಂಬುವಂತಿಲ್ಲ. ಆ ಹಣದಲ್ಲಿ ಒಳ್ಳೆಯ ಹತ್ತಿಯ ಲ್ಯಾಬ್ ಕೋಟು ಹೊಲಿಸಿಕೊಳ್ಳಿ. ಹೊಳೆಯುವ ಪಾಲಿಯೆಸ್ಟರ್ ಕೋಟು ಬೆಂಕಿಯ ಬಳಿ ಅಪಾಯ.

ಐದನೇ ಹೆಜ್ಜೆ: ಒಪ್ಪುವ ಮೊದಲು

ನೇಮಕಾತಿ ಪತ್ರ ಕೈಗೆ ಬರುವವರೆಗೆ ಇರುವ ಕೆಲಸ ಬಿಡಬೇಡಿ. ಭವಿಷ್ಯ ನಿಧಿ, ಇ.ಎಸ್.ಐ. ಇದೆಯೇ ಕೇಳಿ. ರಾತ್ರಿ ಪಾಳಿ ಮುಗಿದ ಮೇಲೆ ಊರಿಗೆ ವಾಹನ ಯಾರು ಕೊಡುತ್ತಾರೆ ಎಂದು ಹೆಣ್ಣುಮಕ್ಕಳು ಮೊದಲ ದಿನವೇ ಕೇಳಲಿ, ನಾಚಿಕೆ ಬೇಡ. ‘ಹುದ್ದೆ ಖಚಿತ, ಠೇವಣಿ ಕಟ್ಟಿ’ ಎನ್ನುವವರ ಫೋನನ್ನು ಅಲ್ಲಿಯೇ ಇಟ್ಟುಬಿಡಿ. ಬಂಗಾರಪೇಟೆ, ಮಾಲೂರಿನವರು ವೈಟ್‌ಫೀಲ್ಡ್ ಕಡೆಯ ಪ್ರಯೋಗಾಲಯಗಳನ್ನೂ ಪಟ್ಟಿಗೆ ಸೇರಿಸಿಕೊಳ್ಳಬಹುದು. ಬೆಳಗಿನ ರೈಲಿದೆ, ಬಾಡಿಗೆ ಉಳಿಯುತ್ತದೆ. ಮೂಲ ಅಂಕಪಟ್ಟಿಗಳನ್ನು ತೋರಿಸಿ, ನಕಲು ಕೊಟ್ಟು, ಮೂಲವನ್ನು ಅಂದೇ ಮನೆಗೆ ತನ್ನಿ. ಕಂಪನಿಯ ಬೀರುವಿನಲ್ಲಿ ಅದನ್ನು ಬಿಟ್ಟುಬಂದವರು ಕೆಲಸ ಬದಲಿಸುವಾಗ ಪಡುವ ಪಾಡು ಬೇಡ.